ನಾಲ್ಕು ಸುತ್ತಿನ ಗುಳಿಗೆ

ನನ್ನ ಮೊಮ್ಮಗಳ ಗುಳಿಗೆ ನಿಂತಿತು. ಇನ್ನು ಬೇಡವಂತೆ. ನಿನ್ನೆ ಮಧ್ಯಾಹ್ನ ಗದಗಿನ ದವಾಖಾನೆಯಲ್ಲಿ ಡಾಕ್ಟರಬಾಯಿ ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಯಿ, ನಿಮ್ಮ ಮೊಮ್ಮಗಳ ಕೊರಳಾಗಿನ ಗ್ರಂಥಿ ತನ್ನ ಕೆಲಸ ತಾನ ಮಾಡಾಕ ಹತ್ತೈತಿ. ಗುಳಿಗಿ ಸಾಕು," ಎಂದರು. ಈ ಮಾತಿಗೆ ಮೂರು ವರ್ಷ ಕಾದವಳು ನಾನು. ಕೇಳಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅವರ ಮೇಜನ್ನು ಸೆರಗಿನಿಂದ ಒರೆಸಿಬಿಟ್ಟೆ. ಮೊಮ್ಮಗಳಿಗೆ ಇದರ ಗೊಡವೆಯೇ ಇಲ್ಲ. ಅವಳು ತೂಕದ ಯಂತ್ರದ ಮೇಲೆ ಹತ್ತುವುದು ಇಳಿಯುವುದು ಮಾಡುತ್ತ, ಮುಳ್ಳು ಓಡಾಡುವುದನ್ನು ನೋಡಿ ನಗುತ್ತಿದ್ದಳು.

ಬರುವ ದಾರಿಯಲ್ಲಿ ಆಟೋದವನಿಗೆ ಹೇಳಿದೆ. ಅವನು, "ಭಾಳ ಚಲೋ ಆತ ಬಿಡ್ರಿ ಆಯಿ. ಆದ್ರ ಯಾವ ಗುಳಿಗಿ ಅದು, ಯಾಕ ನುಂಗತಿತ್ತು ಕೂಸು?" ಎಂದು ಕೇಳಿದ. ಹೇಳತೊಡಗಿದೆ. ಬೆಟಗೇರಿಯ ನಮ್ಮ ಓಣಿ ಬಂದರೂ ಅರ್ಧ ಕೂಡ ಮುಗಿದಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರಗಳನ್ನು ಮಗಳು ತಿದ್ದಿದ್ದಾಳೆ.

ನಾನು ರೊಟ್ಟಿ ಬಡಿಯುವವಳು. ಎರಡು ಖಾನಾವಳಿಗೆ ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಕೊಡುತ್ತೇನೆ. ನಮ್ಮ ಯಜಮಾನರು ಮಗ್ಗದ ಕೆಲಸ ಬಿಟ್ಟ ಮೇಲೆ ಗಿರಣಿಗೆ ಹೋಗಿ ಹಿಟ್ಟು ತರುವುದು, ರೊಟ್ಟಿ ಮುಟ್ಟಿಸಿ ಬರುವುದು ಅವರ ಪಾಲಿಗೆ ಬಂತು. ಒಬ್ಬಳೇ ಮಗಳು. ಮುಂಡರಗಿಯ ಆಚೆ, ಹೊಳೆದಂಡೆಯ ಹಮ್ಮಿಗಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ನಡೆದು ಬಂದದ್ದು. ಏಳು ತಿಂಗಳಿಗೆ ಮಗಳನ್ನು ಕರೆದುಕೊಂಡು ಬಂದೆವು. ಹೀಗೆ ಕರೆದುಕೊಂಡು ಬಂದರೆ ತಾಯಿಯನ್ನೂ ಕೂಸನ್ನೂ ನೆಟ್ಟಗೆ ಬೀಗರ ಮನೆಗೆ ಮುಟ್ಟಿಸುವ ತನಕ ಹಡೆದವ್ವನ ಜವಾಬ್ದಾರಿ. ಕೂಸಿಗೊಂದು ಕೆಮ್ಮು ಬಂದರೂ ಬೀಗಿತ್ತಿಯ ಮುಂದೆ ತಲೆ ಎತ್ತುವ ಹಾಗಿಲ್ಲ.

ಹೆಣ್ಣು ಕೂಸು ಹುಟ್ಟಿತು. ಮೂರನೆಯ ದಿನ ನರ್ಸಬಾಯಿ ಬಂದು ಕೂಸಿನ ಹಿಮ್ಮಡಕ್ಕೆ ಸೂಜಿ ಚುಚ್ಚಿ, ಒಂದು ದಪ್ಪ ಕಾಗದದ ಮೇಲೆ ರಕ್ತದ ಚುಕ್ಕೆ ತೆಗೆದುಕೊಂಡಳು. ನನಗೆ ಸಿಟ್ಟು ಬಂತು.

"ಮೂರ ದಿನದ ಕೂಸಿಗೆ ಏನ ರೋಗ ಹುಡಕತಿ ನೀ?"

"ರೋಗ ಇಲ್ಲ ಅಂತ ನೋಡಾಕ ರೀ ಆಯಿ."

"ಇಲ್ಲ ಅಂತ ನಾನ ಹೇಳತೀನಲ್ಲ, ಸೂಜಿ ಯಾಕ?"

ಅವಳು ನಕ್ಕು ಕಾಗದವನ್ನು ಒಣಗಲು ಇಟ್ಟಳು. ಆ ನಗು ಈಗಲೂ ನನ್ನ ಕಣ್ಣ ಮುಂದೆ ಇದೆ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಮನೆಗೆ ಬಂದೆವು. ಬಾಣಂತಿ ಕೋಣೆಯ ಕಿಟಕಿಗೆ ಅರಿವೆ ಕಟ್ಟಿದೆ, ಹೊರಸಿನ ಕೆಳಗೆ ಕೆಂಡ ಇಟ್ಟೆ, ಕೂಸಿಗೆ ಕುಂಚಿಗೆ ಹಾಕಿದೆ. ಕೂಸು ಎಂಥದು ಎಂದರೆ, ಅಳುವುದೇ ಇಲ್ಲ. ಮಲಗಿಸಿದರೆ ಮಲಗಿತು, ಎಬ್ಬಿಸಿದರೆ ಎರಡು ಗುಟುಕು ಕುಡಿದು ಮತ್ತೆ ಮಲಗಿತು. ಓಣಿಯ ಹೆಂಗಸರು ನೋಡಲು ಬಂದವರೆಲ್ಲ ಹೊಗಳಿದರು. ನಾನು ಹಮ್ಮಿಗಿಗೆ ಫೋನ್ ಮಾಡಿ ಬೀಗಿತ್ತಿಗೆ ಹೇಳಿದೆ: "ಮನ್ಯಾಗ ಕೂಸ ಐತೋ ಇಲ್ಲೋ ಗೊತ್ತಾಗಂಗಿಲ್ಲ ನೋಡ್ರಿ ಅಕ್ಕಾರ. ಬಂಗಾರದಂಥಾ ಕೂಸು."

ಅದರ ಪಾದ ಮಾತ್ರ ಯಾವಾಗಲೂ ತಣ್ಣಗಿರುತ್ತಿತ್ತು. ಮಳೆಗಾಲದ ಥಂಡಿ ಎಂದುಕೊಂಡು ಇನ್ನೊಂದು ದುಪ್ಪಟಿ ಹೊದಿಸಿದೆ. ಮೈಯ ಹಳದಿ ಹೋಗಿರಲಿಲ್ಲ. ಎಳೆಬಿಸಿಲು ತೋರಿಸಿದರೆ ಹೋಗುತ್ತದೆ ಎಂದೆ. ಹೊರಗೆ ಹೋಗುವುದು, ಹೊಟ್ಟೆ ಹಗುರಾಗುವುದು, ಎರಡು ಮೂರು ದಿನಕ್ಕೊಮ್ಮೆ. ಹಾಲೆಲ್ಲ ಮೈಗೆ ಹತ್ತುತ್ತಿದೆ ಎಂದೆ. ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಉತ್ತರ ಇತ್ತು.

ಒಂಬತ್ತನೆಯ ದಿನ ದವಾಖಾನೆಯಿಂದ ಫೋನು ಬಂತು. ಕೂಸನ್ನು ಕೂಡಲೇ ಕರೆದುಕೊಂಡು ಬರಬೇಕು ಎಂದರು. ಎತ್ತಿದವಳು ನಾನೇ. "ಹೆಸರ ಇಡೂತನಾ ಬಾಣಂತಿ ಹೊಸ್ತಿಲ ದಾಟಂಗಿಲ್ರಿ ನಮ್ಮಲ್ಲಿ. ಹದಿಮೂರನೇ ದಿನ ತೊಟ್ಟಿಲ ಕಾರ್ಯ ಐತಿ, ಅದ ಮುಗಿಸಿ ಬರತೇವಿ," ಎಂದು ಇಟ್ಟುಬಿಟ್ಟೆ. ಸಂಜೆ ಮತ್ತೆ ಬಂತು. ಅದೇ ಮಾತು ಹೇಳಿದೆ. ಮಗಳಿಗೆ ಹೇಳಲಿಲ್ಲ. ಹಸಿ ಬಾಣಂತಿ, ಸುಮ್ಮನೆ ಅಂಜಿಸುವುದು ಯಾಕೆ ಎನ್ನುವುದು ನನ್ನ ಲೆಕ್ಕ.

ಮರುದಿನ ಬೆಳಿಗ್ಗೆ ನಾನು ತವೆಯ ಮುಂದೆ ಕುಳಿತಿದ್ದಾಗ ಬಾಗಿಲಲ್ಲಿ ಸ್ಕೂಟಿ ನಿಂತಿತು. ಅದೇ ನರ್ಸಬಾಯಿ. ಚಪ್ಪಲಿ ಬಿಟ್ಟು ನೇರ ಒಳಗೆ ಬಂದಳು. "ಆಯಿ, ನಿಮ್ಮ ಹೊಸ್ತಿಲ ನಾ ದಾಟಿ ಬಂದೀನಿ. ಈಗ ನೀವು ದಾಟ್ರಿ," ಎಂದಳು. ಕೋಣೆಗೆ ಹೋಗಿ ಮಗಳಿಗೆ ಎಲ್ಲ ಹೇಳಿದಳು. ಮಗಳು ನನ್ನನ್ನು ಒಂದು ಮಾತು ಕೇಳದೆ ಕೂಸನ್ನು ಎತ್ತಿಕೊಂಡು ಎದ್ದಳು. ನಾನು ಕೈಯ ಹಿಟ್ಟು ತೊಳೆಯದೆ ಹಿಂದೆ ಓಡಿದೆ.

ಡಾಕ್ಟರಬಾಯಿ ಮತ್ತೊಮ್ಮೆ ಕೂಸಿನ ರಕ್ತ ತೆಗೆಸಿ ನಮ್ಮನ್ನು ಕುಳ್ಳಿರಿಸಿಕೊಂಡರು. ನನ್ನ ಸೀರೆಯ ಹಿಟ್ಟು ನೋಡಿ ಏನು ಕೆಲಸ ಎಂದು ಕೇಳಿ, ಆಮೇಲೆ ಹೇಳಿದರು.

"ಕೊರಳಾಗ ಥೈರಾಯ್ಡ್ ಅಂತ ಒಂದ ಸಣ್ಣ ಗ್ರಂಥಿ ಇರತೈತ್ರಿ ಆಯಿ, ಪಾತರಗಿತ್ತಿ ಆಕಾರದ್ದು. ಅದರಾಗಿಂದ ಒಂದ ರಸ ಹೊರಡತೈತಿ. ಹಾರ್ಮೋನು ಅಂತೇವಿ. ಅದು ರಕ್ತದಾಗ ಕೂಡಿ ಮೈ ತುಂಬಾ ತಿರಗತೈತಿ. ಉಂಡದ್ದನ್ನ ಎಷ್ಟ ಜಲ್ದಿ ಸುಡಬೇಕು, ಮೈ ಎಷ್ಟ ಬೆಚ್ಚಗ ಇರಬೇಕು, ಎದಿ ಎಷ್ಟ ಬಡೀಬೇಕು, ಕರಳು ಎಷ್ಟ ಓಡಬೇಕು, ಎಲ್ಲಾ ಅದ ಹೇಳೂದು. ನಿಮ್ಮ ಮೊಮ್ಮಗಳಿಗೆ ಅದು ಸಾಲವಲ್ದು."

"ಹಾಲ ಕುಡೀತಾಳಲ್ರಿ ಮತ್ತ?"

"ಕಟಗಿ ಒಟ್ಟಿದ್ರ ಆತೇನ್ರಿ? ಅದನ್ನ ಒಲಿಯೊಳಗ ಮುಂದಮುಂದಕ ಸರಸಾವ್ರ ಬೇಕಲ್ಲ. ಸರಸಾವ್ರ ಇಲ್ಲಂದ್ರ ಏನಾಕ್ಕೈತಿ?"

ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಟ್ಟಿಗೆ ಹೊಗೆಯಾಡುತ್ತದೆ, ತವೆ ಕಾಯುವುದಿಲ್ಲ, ರೊಟ್ಟಿ ಮೇಲೇಳುವುದಿಲ್ಲ. ಆ ತಣ್ಣನೆಯ ಪಾದ, ಆ ನಿದ್ದೆ, ಆ ಕಟ್ಟಿದ ಹೊಟ್ಟೆ, ಎಲ್ಲ ಆಗ ಒಂದಕ್ಕೊಂದು ಕೂಡಿದವು. ನಾನು ಬಂಗಾರದಂಥ ಕೂಸು ಎಂದದ್ದು ಒಲೆ ಆರುತ್ತಿದ್ದ ಕೂಸಿಗೆ.

ಅವರು ಇನ್ನೂ ಒಂದು ಹೇಳಿದರು. ತಲೆಯೊಳಗೆ ಬೇರೊಂದು ಗ್ರಂಥಿ ಇದೆಯಂತೆ. ಈ ರಸ ಕಡಿಮೆಯಾದರೆ ಅದು ಕೆಳಗಿನ ಗ್ರಂಥಿಗೆ ಕಳಿಸು, ಕಳಿಸು ಎಂದು ಹೇಳಿ ಕಳುಹಿಸುತ್ತದೆ. ಸಾಕಷ್ಟು ಬಂದರೆ ಸುಮ್ಮನಾಗುತ್ತದೆ. ಇದೂ ನನಗೆ ತಿಳಿಯಿತು. ರೊಟ್ಟಿ ತಡವಾದರೆ ಖಾನಾವಳಿಯವನು ಫೋನಿನ ಮೇಲೆ ಫೋನು ಮಾಡುತ್ತಾನೆ, ಬುಟ್ಟಿ ಮುಟ್ಟಿದರೆ ಅವನ ಸುದ್ದಿಯೇ ಇಲ್ಲ. ಹಾಗೆಂದು ಹೇಳಿದಾಗ ಡಾಕ್ಟರಬಾಯಿ, "ಅಷ್ಟ ನೋಡ್ರಿ. ಈ ಕೂಸಿನ ರಕ್ತದಾಗ ಫೋನ ಭಾಳ ಬರಾಕ ಹತ್ತಾವ," ಎಂದರು.

ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು ಇದು: ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯುವ ಕಾಲ. ಮಿದುಳಿಗೂ ಇದೇ ರಸ ಬೇಕು. ದಿನಾ ಒಂದು ಗುಳಿಗೆಯಲ್ಲಿ ಆ ರಸ ಹೊರಗಿನಿಂದ ಕೊಟ್ಟರೆ ಕೂಸು ಎಲ್ಲ ಕೂಸುಗಳ ಹಾಗೆ ಬೆಳೆಯುತ್ತದೆ. ತಪ್ಪಿಸಿದರೆ ನಡಿಗೆ, ಮಾತು, ಬುದ್ಧಿ ಹಿಂದೆ ಬೀಳುತ್ತವೆ. ಮೂರು ವರ್ಷ ತುಂಬಿದ ಮೇಲೆ ಒಂದು ತಿಂಗಳು ನಿಲ್ಲಿಸಿ ನೋಡುವುದು. ಕೆಲವರ ಗ್ರಂಥಿ ಅಷ್ಟರಲ್ಲಿ ಎದ್ದಿರುತ್ತದೆ, ಕೆಲವರಿಗೆ ಜೀವ ಇರುವ ತನಕ ಗುಳಿಗೆ ಬೇಕಾಗುತ್ತದೆ. ಬೇಕಾದರೂ ಅಂಜುವಂಥದ್ದಲ್ಲ, ತಪ್ಪಿಸಬಾರದು ಅಷ್ಟೇ.

ಒಂದು ಸಣ್ಣ ಸೀಸೆ ಕೊಟ್ಟರು. ಒಳಗೆ ತೊಗರಿ ಕಾಳಿನಷ್ಟು ಬಿಳಿ ಗುಳಿಗೆಗಳು. ಎರಡು ಚಮಚೆಯ ನಡುವೆ ಒಂದನ್ನು ಪುಡಿ ಮಾಡಿ, ನಾಲ್ಕು ಹನಿ ಎದೆಹಾಲಿನಲ್ಲಿ ಕಲಸಿ, ಕಲಸಿದ ಕೂಡಲೇ, ಬೆಳಿಗ್ಗೆ ಹಾಲು ಕುಡಿಸುವ ಮೊದಲು ಕುಡಿಸಬೇಕು ಎಂದು ನರ್ಸಬಾಯಿ ತೋರಿಸಿಕೊಟ್ಟಳು. "ನಾ ಕೊಡತೀನಿ ಬಿಡು," ಎಂದು ಮಗಳಿಗೆ ಹೇಳಿ ಸೀಸೆ ನನ್ನ ಕೈಗೆ ತೆಗೆದುಕೊಂಡೆ. ಇನ್ನು ನಾನು ಮಾಡಿದ ತಪ್ಪು ಹೇಳಬೇಕು.

ನಮ್ಮಲ್ಲಿ ಕೂಸಿಗೆ ಔಷಧ ಎಂದರೆ ಘುಟ್ಟಿ. ಬಜೆ, ಜಾಯಿಕಾಯಿ, ಅಳಲೆಕಾಯಿ, ಖಾರೀಕು, ಇವನ್ನು ಒಂದೊಂದಾಗಿ ಕಲ್ಲಿನ ಮೇಲೆ ಎದೆಹಾಲು ಹಾಕಿ ತೇಯ್ದು ನೆಕ್ಕಿಸುವುದು. ತೂಕವಿಲ್ಲ, ಅಳತೆಯಿಲ್ಲ, ಸುತ್ತಿನ ಲೆಕ್ಕ. ಬಜೆ ಎರಡು ಸುತ್ತು, ಜಾಯಿಕಾಯಿ ಒಂದೇ ಸುತ್ತು, ಹೆಚ್ಚಾದರೆ ಉಷ್ಣ. ಉಳಿದ ತುಂಡನ್ನು ಅರಿವೆಯಲ್ಲಿ ಕಟ್ಟಿಟ್ಟು ನಾಳೆಗೆ. ನನ್ನ ಕಲ್ಲು ಲಕ್ಷ್ಮೇಶ್ವರದ ತವರಿನಿಂದ ನನ್ನ ಅವ್ವ ಕೊಟ್ಟದ್ದು. ನಾನೂ ಅದರ ಮೇಲೆ ತೇಯ್ದ ಔಷಧ ನೆಕ್ಕಿಯೇ ಬೆಳೆದವಳು. ಚಮಚೆಯಲ್ಲಿ ಪುಡಿ ಮಾಡುವುದು ದವಾಖಾನೆಯ ಪದ್ಧತಿ, ಮನೆಯಲ್ಲಿ ಕಲ್ಲು ಇರುವಾಗ ಚಮಚೆ ಯಾಕೆ ಎನಿಸಿತು. ಗುಳಿಗೆಯನ್ನೂ ಬೆರಳ ತುದಿಯಲ್ಲಿ ಹಿಡಿದು ಕಲ್ಲಿನ ಮೇಲೆ ತೇಯ್ದೆ. ಇಂಗ್ಲೀಷ್ ಔಷಧ, ಉಷ್ಣ ಜಾಸ್ತಿ ಎಂದು ನಾಲ್ಕೇ ಸುತ್ತು. ಉಳಿದ ಚೂರು ಅರಿವೆಯಲ್ಲಿ, ನಾಳೆಗೆ. ಕೂಸಿಗೆ ಒಂದು ದಿನದ ಗುಳಿಗೆ ಎರಡು ದಿನ ಬಂತು. ಬಂದದ್ದರಲ್ಲೂ ಒಂದಿಷ್ಟು ಕಲ್ಲಿನ ತೂತಿನಲ್ಲೇ ಉಳಿಯಿತು. ತೊಳೆದರೆ ನೀರು ಬೆಳ್ಳಗೆ ಹೋಗುತ್ತಿತ್ತು, ಅದನ್ನು ಕಣ್ಣಾರೆ ನೋಡುತ್ತಿದ್ದೆ. ಪ್ರೀತಿಯಿಂದ ಮಾಡುತ್ತಿದ್ದೇನೆ ಎನ್ನುವ ಧೈರ್ಯದಲ್ಲಿ ಕಣ್ಣಿಗೆ ಕಂಡದ್ದೂ ತಲೆಗೆ ಹೋಗಲಿಲ್ಲ.

ತಿಂಗಳು ಬಿಟ್ಟು ರಕ್ತ ನೋಡಿಸಲು ಹೋದೆವು. ಅವತ್ತು ಹಮ್ಮಿಗಿಯಿಂದ ಬೀಗಿತ್ತಿಯೂ ಬಂದಿದ್ದರು. ರಕ್ತದಲ್ಲಿ ಫೋನು ಇನ್ನೂ ಬರುತ್ತಲೇ ಇತ್ತು, ಸುಧಾರಣೆ ಅರ್ಧಮರ್ಧ. ಡಾಕ್ಟರಬಾಯಿ ಹುಬ್ಬು ಗಂಟಿಕ್ಕಿ ಸೀಸೆ ಕೇಳಿದರು. ನರ್ಸಬಾಯಿ ಗುಳಿಗೆಗಳನ್ನು ಕಾಗದದ ಮೇಲೆ ಸುರುವಿ ಎಣಿಸಿದಳು.

"ಅರ್ಧಾನೂ ಖರ್ಚ ಆಗಿಲ್ಲಲ್ರಿ. ಯಾರ ಕೊಡತೀರಿ ಕೂಸಿಗೆ?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು, "ನಾನ ರೀ. ನಿದ್ದಿಗೆಟ್ಟು ನಡುನಡುವ ಮರತೀನಿ."

"ಇಂಥಾದನ್ನೂ ಮರೀತಾರೇನ ತಂಗಿ?" ಎಂದರು ಬೀಗಿತ್ತಿ. ಮಗಳು ಬೈಸಿಕೊಂಡಳು, ನಾನು ಸುಮ್ಮನಿದ್ದೆ.

ಮನೆಗೆ ಬಂದು ಬೀಗಿತ್ತಿ ಮುಂಡರಗಿ ಬಸ್ಸು ಹತ್ತಿದ ಮೇಲೆ ಮಗಳು ಬಾಗಿಲು ಮುಂದೆ ಮಾಡಿ, "ಯವ್ವಾ, ಖರೆ ಹೇಳು," ಎಂದಳು. ಹೇಳಿದೆ. ಅರಿವೆ ಬಿಚ್ಚಿ ಚೂರು ತೋರಿಸಿದೆ. ಅವಳು ಅಲ್ಲೇ ದವಾಖಾನೆಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳಿದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಸಾಲುತ್ತಿಲ್ಲ ಎಂದು ಡಾಕ್ಟರಬಾಯಿ ಗುಳಿಗೆ ಹೆಚ್ಚು ಮಾಡುವವರಿದ್ದರಂತೆ. ಪೂರ್ತಿ ಒಂದು ಗುಳಿಗೆ, ಎರಡು ಚಮಚೆ, ದಿನಾ ಒಂದೇ ಹೊತ್ತಿಗೆ. "ಇನ್ನೂ ಕಾಲ ಮೀರಿಲ್ಲ, ಆಯಿಗೆ ಬೈಬ್ಯಾಡ್ರಿ," ಎಂದರಂತೆ. ಮಗಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಕಲ್ಲನ್ನು ತೊಳೆದು ಮಾಳಿಗೆಯ ಮೇಲೆ ಇಟ್ಟುಬಂದೆ.

ಅಲ್ಲಿಂದ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ, ರೊಟ್ಟಿಯ ನಡುವೆ, ಕೋಣೆಯಿಂದ ಒಂದು ಕೂಗು ಬಂತು. ಗಟ್ಟಿ, ಒರಟು, ಹಸಿದ ಕೂಗು. ಎಬ್ಬಿಸದೆ ತಾನೇ ಎದ್ದು ಅತ್ತಿದ್ದು ಅದೇ ಮೊದಲು. ಯಜಮಾನರು ರೊಟ್ಟಿಯ ಬುಟ್ಟಿ ಹೊತ್ತು ಹೊರಟವರು ಬಾಗಿಲಲ್ಲೇ ನಿಂತು, "ಯಾರ ಕೂಸದು?" ಎಂದು ಕೇಳಿದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಏನು ವಿಶೇಷ ಎಂದವರಿಗೆ ಕೂಸು ಅತ್ತಿತು ಎಂದೆ. ಮುದುಕಿಗೆ ಏನೋ ಆಗಿದೆ ಎಂದುಕೊಂಡರು.

ಐದು ತಿಂಗಳಿಗೆ ಮಗಳನ್ನೂ ಕೂಸನ್ನೂ ಹಮ್ಮಿಗಿಗೆ ಕಳಿಸಿದೆವು. ಆ ಮೇಲಿನದೆಲ್ಲ ನನಗೆ ಫೋನಿನಲ್ಲೇ ಮುಟ್ಟಿದ್ದು. ಕೂತಳು. ತೆವಳಿದಳು. ವರ್ಷ ತುಂಬಿ ಸ್ವಲ್ಪ ದಿನಕ್ಕೆ ಎಮ್ಮೆಯ ಗೂಟ ಹಿಡಿದು ನಿಂತವಳು ಗೂಟ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು. "ಆಯಿ" ಎಂದಳು ಎಂದು ಮಗಳು ಫೋನು ಹತ್ತಿರ ಹಿಡಿದಳು. ನನಗೆ ಕೇಳಿದ್ದು ಬರೀ ಉಸಿರು. ಆದರೂ ಆಯಿ ಎಂದೇ ಒಪ್ಪಿಕೊಂಡೆ. ಒಂದೊಂದು ಸುದ್ದಿಗೂ ನನ್ನ ಎದೆಯಿಂದ ಒಂದೊಂದು ಕಲ್ಲು ಇಳಿಯುತ್ತಿತ್ತು. ಆದರೆ ಅವಳ ವಯಸ್ಸಿನ ಬೇರೆ ಕೂಸು ಎರಡು ಮಾತು ಹೆಚ್ಚು ಆಡಿತು ಎಂದು ಕೇಳಿದರೆ ಸಾಕು, ಆ ತಿಂಗಳಿನ ಅರ್ಧ ಗುಳಿಗೆಗಳು ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು.

ಬೀಗಿತ್ತಿ ಮಾತ್ರ ನನ್ನ ಮಗಳನ್ನು "ಮರಿಗುಳಿ" ಎಂದು ಕರೆಯುವುದನ್ನು ಬಿಡಲಿಲ್ಲ. ಸಾರಿಗೆ ಉಪ್ಪು ಮರೆತರೂ ಮರಿಗುಳಿ, ಬಾಗಿಲು ಹಾಕುವುದು ಮರೆತರೂ ಮರಿಗುಳಿ. ನಾನು ಹಬ್ಬಕ್ಕೆ ಹೋದಾಗ ಊಟಕ್ಕೆ ಕುಳಿತಲ್ಲಿ ನನ್ನ ಮುಂದೆಯೇ ಅನ್ನುತ್ತಿದ್ದರು. ಮಗಳು ನಗುತ್ತಿದ್ದಳು. ನಾನು ತಾಟು ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ.

ಮೂರು ವರ್ಷ ತುಂಬಿತು. ಹೋದ ತಿಂಗಳು ಗುಳಿಗೆ ನಿಲ್ಲಿಸಿದರು. ಆ ಒಂದು ತಿಂಗಳು ನಾನು ದಿನಾ ಬೆಳಿಗ್ಗೆ ವಿಡಿಯೋ ಫೋನು ಮಾಡಿಸಿದೆ. ತಾನೇ ಎದ್ದಳೇನು, ಹೊರಗೆ ಹೋದಳೇನು, ಪಾದ ಬೆಚ್ಚಗಿವೆಯೇನು. ಮಗಳು ಕೂಸಿನ ಕಾಲನ್ನು ಫೋನಿಗೆ ಹಿಡಿಯುತ್ತಿದ್ದಳು, ಫೋನಿನಲ್ಲಿ ಬಿಸಿ ತಣ್ಣಗೆ ಕಾಣಿಸುತ್ತದೆ ಎನ್ನುವ ಹಾಗೆ. ಹಿಂದಿನಿಂದ ಬೀಗಿತ್ತಿಯ ದನಿ: "ನಿಮ್ಮ ಅವ್ವಗ ಮೊಮ್ಮಗಳ ಮಾರಿ ಬ್ಯಾಡವಾ, ಬರೇ ಕಾಲ ಬೇಕು." ಅಂಗಳದಲ್ಲಿ ಓಡುವಾಗ ಕೋಳಿ ಹಿಡಿಯಲು ಹೋಗಿ ಬಿದ್ದಳು ಎಂದು ಒಂದು ದಿನ ಹೇಳಿದರು. ಮೊಣಕಾಲು ತರಚಿತ್ತು. ನಾನು ಕೇಳಿದ್ದು, ಜೋರಾಗಿ ಅತ್ತಳೇನು ಎಂದು.

ಮೊನ್ನೆ ಮಗಳು ಕೂಸನ್ನು ಕರೆದುಕೊಂಡು ಬಂದಳು, ಅವತ್ತೇ ರಕ್ತ ಕೊಟ್ಟದ್ದು. ನಿನ್ನೆ ಕಾಗದ ಬಂದದ್ದು. "ಕೆಲವು ತಿಂಗಳ ಬಿಟ್ಟು ಇನ್ನೊಮ್ಮೆ ನೋಡಿಸ್ರಿ. ಈಗಂತೂ ಫೋನ ಬಂದ್ ಆಗ್ಯಾವ," ಎಂದು ಡಾಕ್ಟರಬಾಯಿ ನನ್ನ ಮಾತನ್ನು ನನಗೇ ಹೇಳಿ ನಕ್ಕರು. ಹೊರಗೆ ನರ್ಸಬಾಯಿಗೆ ಎರಡು ಡಜನ್ ಗರಿಗರಿ ಕಟಿರೊಟ್ಟಿಯ ಗಂಟು ಕೊಟ್ಟೆ. ಅವಳು ಬೇಡ ಎನ್ನುವ ಮೊದಲೇ, "ನನ್ನ ಹೊಸ್ತಿಲ ದಾಟಿದ್ದಕ್ಕ," ಎಂದೆ. ತೆಗೆದುಕೊಂಡಳು.

ಸಂಜೆಗೆ ಅಳಿಯ ಅವನ ಅವ್ವನನ್ನು ಕರೆದುಕೊಂಡು ಹಮ್ಮಿಗಿಯಿಂದ ಬಂದ. ಬೀಗಿತ್ತಿ ಹೊಲದ ಮುಳಗಾಯಿ, ಒಂದು ಗಡಿಗೆ ಮೊಸರು ತಂದಿದ್ದರು. ಮುಳಗಾಯಿ ಎಣ್ಣೆಗಾಯಿ ಮಾಡಿದೆವು, ಜುಣಕ, ಶೇಂಗಾ ಚಟ್ನಿ, ಹುಗ್ಗಿ. ಬಿಸಿ ರೊಟ್ಟಿ ಬಡಿಯುವವಳು ಕಡೆಗೆ ಉಣ್ಣುವುದು ನಮ್ಮ ಮನೆಯ ರೂಢಿ. ನಿನ್ನೆ ಮಗಳು ಒಪ್ಪಲಿಲ್ಲ. ರೊಟ್ಟಿಯನ್ನೆಲ್ಲ ಮೊದಲೇ ಮಾಡಿಸಿ, ಅರಿವೆ ಮುಚ್ಚಿ ನಡುವೆ ಇಟ್ಟು, ನನ್ನನ್ನು ಎಲ್ಲರ ಸಾಲಿಗೆ ಎಳೆದು ಕೂಡಿಸಿದಳು. ಯಜಮಾನರು, ಅಳಿಯ, ಬೀಗಿತ್ತಿ, ಮಗಳು, ನಾನು, ನಡುವೆ ಮೊಮ್ಮಗಳು.

ಮಗಳು ಚಟ್ನಿ ಬಡಿಸುವುದನ್ನು ಮರೆತಿದ್ದಳು. "ಮರಿಗುಳಿ," ಎಂದರು ಬೀಗಿತ್ತಿ.

ನಾನು ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. "ಅಕ್ಕಾರ, ಅಕಿ ಮರಿಗುಳಿ ಅಲ್ರಿ. ಅವತ್ತ ಗುಳಿಗಿ ಅರ್ಧಮರ್ಧ ಕೊಟ್ಟಾಕಿ ನಾನು. ಘುಟ್ಟಿ ಕಲ್ಲಿನ ಮ್ಯಾಲ ನಾಲ್ಕ ಸುತ್ತ ತೇಯ್ದು ಕೊಡತಿದ್ದೆ. ಅಕಿ ನನ್ನ ಮಾನ ಉಳಿಸ್ಯಾಳ."

ಬೀಗಿತ್ತಿ ರೊಟ್ಟಿ ಮುರಿದು, ಮುಳಗಾಯಿ ಹಚ್ಚಿಕೊಂಡು, ನಿಧಾನವಾಗಿ ಅಗಿದರು.

"ನನಗ ಅವತ್ತ ಗೊತ್ತಾಗೈತ್ರಿ," ಎಂದರು. "ಗುಳಿಗಿ ಎಣಸುವಾಗ ನಿಮ್ಮ ಮಾರಿ ನೋಡಿದ್ರ ಯಾರಿಗರ ತಿಳಿಯೂದು."

"ಮತ್ತ ಮೂರ ವರ್ಷ ಅಕಿಗೆ ಮರಿಗುಳಿ ಅಂದ್ರಲ್ರಿ?"

"ಅಕಿಗೆ ಅಂದ್ರ ನಿಮಗ ತಾಗಲಿ ಅಂತ ಅಂದೆ. ತಾಗಾಕ ಮೂರ ವರ್ಷ ಬೇಕಾತು."

ಮೊದಲು ನಕ್ಕವರು ನಮ್ಮ ಯಜಮಾನರು. ಮಗಳು ಬಾಯಿಗೆ ಸೆರಗು ಇಟ್ಟುಕೊಂಡಳು. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಬೀಗಿತ್ತಿ ತಮ್ಮ ಕೈಯಿಂದ ನನ್ನ ತಾಟಿಗೆ ಒಂದು ರೊಟ್ಟಿ ಹಾಕಿ, ದನಿ ಇಳಿಸಿ ಹೇಳಿದರು, "ನಮ್ಮನ್ಯಾಗೂ ಒಂದ ಕಲ್ಲ ಐತ್ರಿ ಅಕ್ಕಾರ. ನನ್ನ ಕೈಯಾಗ ಸೀಸೆ ಕೊಟ್ಟಿದ್ರ ನಾ ಎರಡ ಸುತ್ತ ತೇಯತಿದ್ದೆ. ನೀವು ನಾಲ್ಕರ ತೇಯ್ದೀರಿ. ಉಣ್ರಿ."

ಉಂಡೆವು. ಮೊಮ್ಮಗಳು ತನ್ನ ತಾಟು ಬಿಟ್ಟು ಒಬ್ಬೊಬ್ಬರ ತಾಟಿನ ಹುಗ್ಗಿಗೂ ಕೈ ಹಾಕಿದಳು. ಲೋಟ ಉರುಳಿಸಿದಳು. ಕಥೆ ಹೇಳುತ್ತಿದ್ದ ಅಜ್ಜನಿಗಿಂತ ಜೋರಾಗಿ ತಾನೊಂದು ಕಥೆ ಹೇಳಿದಳು. ಅವಳಿಗೆ ಸುಮ್ಮನಿರು ಎಂದು ಯಾರೂ ಹೇಳಲಿಲ್ಲ. ಕಡೆಗೆ ನನ್ನ ತೊಡೆಯ ಮೇಲೆ ಬಂದು ಕುಳಿತು, ಹುಗ್ಗಿ ಮೆತ್ತಿದ ಕಾಲು ಚಾಚಿ, "ಆಯಿ, ರೊಟ್ಟಿ ಹಾಕು," ಎಂದಳು. ರೊಟ್ಟಿ ಮುರಿದು ಹಾಕುತ್ತ ಇನ್ನೊಂದು ಕೈಯಲ್ಲಿ ಅವಳ ಪಾದ ಹಿಡಿದು ನೋಡಿದೆ. ಬೆಚ್ಚಗಿತ್ತು. ಬೀಗಿತ್ತಿ ಅದನ್ನು ನೋಡಿ ನನ್ನ ಕಡೆ ಮೊಸರಿನ ಗಡಿಗೆ ಸರಿಸಿದರು.